ಸುಮ್ಮನಿರದ ಹಿಮ್ಮಡಿಗಳು

ನೆರೆಮನೆಯ ಡಾಕ್ಟರ ಹಿಮ್ಮಡಿ ನೆಲಕ್ಕೆ ಊರಿದ್ದನ್ನು ನಾನು ಕಂಡದ್ದು ಕಡಿಮೆ. ಬೆಳಗ್ಗೆ ಮುಂಡನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೈಯಲ್ಲಿ ಕಾಫಿ ಲೋಟ ಹಿಡಿದು, ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಮುರುಕು ಜಾಗದಿಂದ ದಾಟಿ ನಮ್ಮ ಅಂಗಳಕ್ಕೆ ಬಂದು ನಿಂತರೆಂದರೆ, ಮಾತಿನ ಜೊತೆ ಹಿಮ್ಮಡಿಯೂ ಏಳುತ್ತಿತ್ತು, ಇಳಿಯುತ್ತಿತ್ತು. ಎದ್ದಾಗ ಮೀನಖಂಡ ಗಟ್ಟಿಯಾಗಿ ಎರಡು ಭಾಗವಾಗಿ ಒಡೆದು ಕಾಣುತ್ತಿತ್ತು. ಇಳಿದಾಗ ಮತ್ತೆ ಮೆತ್ತಗಾಗಿ ಒಂದಾಗುತ್ತಿತ್ತು. ಹೊಸ ಸುದ್ದಿ ಏನಾದರೂ ಇದ್ದರೆ ಈ ಏರಿಳಿತ ಜೋರು. ಲೋಟದ ಕಾಫಿ ಚೆಲ್ಲುತ್ತಿದ್ದರೂ ಅವರಿಗೆ ಅದರ ಪರಿವೆ ಇರುತ್ತಿರಲಿಲ್ಲ.

ನಾನು ಜಗಲಿಯ ಮೆಟ್ಟಿಲಲ್ಲಿ ಕುಳಿತು ಆ ಕಾಲುಗಳನ್ನೇ ನೋಡುತ್ತಿದ್ದೆ. ನೋಡುವುದಕ್ಕೆ ನನಗೆ ಕಾರಣವಿತ್ತು. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಜ್ವರ ಹೋಗುವಾಗ ನನ್ನ ಬಲಗಾಲಿನ ಮೀನಖಂಡವನ್ನೂ ಕೊಂಡುಹೋಗಿತ್ತು. ಆ ಜಾಗದಲ್ಲಿ ಉಳಿದದ್ದು ಚರ್ಮ ಮತ್ತು ಎಲುಬು. ಹಿಮ್ಮಡಿಯನ್ನು ಮೇಲೆತ್ತುವ ಶಕ್ತಿಯೇ ಇಲ್ಲದ್ದರಿಂದ ನಡೆಯುವಾಗ ಬಲಗಾಲು ಧೊಪ್ಪೆಂದು ಹಿಮ್ಮಡಿಯ ಮೇಲೆ ಬೀಳುತ್ತಿತ್ತು, ಪಾದ ಮೇಲಕ್ಕೆ ನೆಗೆಯುತ್ತಿತ್ತು. ಕೊಟ್ಟಾರದ ನಮ್ಮ ಮನೆಯಿಂದ ರಸ್ತೆಗೆ ಒಂದು ಏರು ಹತ್ತಬೇಕು. ಆ ಏರನ್ನು ನಾನು ಹತ್ತುವುದನ್ನು ನೋಡಿದವರು ಪಾಪ ಎನ್ನುತ್ತಿದ್ದರು. ಆ ಪಾಪ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ನೆರೆಮನೆಯವರು ಮೆಡಿಕಲ್ ವಿದ್ಯಾರ್ಥಿಗಳಿಗೆ ದೇಹದ ಕ್ರಿಯೆಗಳನ್ನು ಕಲಿಸುವ ಮೇಷ್ಟ್ರು. ಡಾಕ್ಟರು ನಿಜ, ಆದರೆ ಮದ್ದು ಕೊಡುವ ಡಾಕ್ಟರಲ್ಲ. ದಿನವೆಲ್ಲ ಕಪ್ಪೆ ಕೊಯ್ಯುವುದು, ಅದರ ಕಾಲಿನ ಸ್ನಾಯುವನ್ನು ಬಿಡಿಸಿ ಹಲಗೆಯ ಮೇಲಿಟ್ಟು ಕರೆಂಟು ಕೊಟ್ಟು ಕುಣಿಸುವುದು. ಹೀಗಾಗಿ ಊರಿಗೆಲ್ಲ ಅವರು ಕಪ್ಪೆ ಡಾಕ್ಟರು. ಯಾರಾದರೂ ಜ್ವರ ಎಂದು ಬಾಗಿಲು ತಟ್ಟಿದರೆ, "ಕಪ್ಪೆಗೆ ಜ್ವರ ಬಂದರೆ ಹೇಳಿ, ಈಗ ಆಸ್ಪತ್ರೆಗೆ ಹೋಗಿ" ಎಂದು ಕಳಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಅವರ ಅಕ್ಕ ಮನೆ ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಡಾಕ್ಟರು ಅಕ್ಕನೊಡನೆ ಕೊಂಕಣಿ, ನನ್ನ ಅಮ್ಮನೊಡನೆ ತುಳು, ಕನ್ನಡ ಶಾಲೆಯಲ್ಲಿ ಓದುವ ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು.

ಕೂರುವುದೆಂದರೆ ಅವರಿಗೆ ಶಿಕ್ಷೆ. ಊಟವನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮುಗಿಸುತ್ತಾರೆಂದು ಬಾಯಮ್ಮ ದೂರುತ್ತಿದ್ದರು. ಇಗರ್ಜಿಯಲ್ಲಿ, ಎಂದರೆ ಅವರ ಚರ್ಚಿನಲ್ಲಿ, ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಲ್ಲುವವರು ಅವರು. ಪೇಟೆಯ ಹಂಪನಕಟ್ಟೆಯಲ್ಲಿ ಬಸ್ಸು ಜನ ತುಂಬಲೆಂದು ಕಾದರೆ ಇವರಿಗೆ ತಡೆಯುತ್ತಿರಲಿಲ್ಲ. ಟಿಕೇಟು ತೆಗೆದಿದ್ದರೂ ಇಳಿದು ಕೊಟ್ಟಾರಕ್ಕೆ ನಡೆದೇ ಬಂದುಬಿಡುತ್ತಿದ್ದರು. ಎಷ್ಟೋ ಸಲ ಅದೇ ಬಸ್ಸು ಅವರನ್ನು ದಾರಿಯಲ್ಲಿ ದಾಟಿ ಹೋಗುತ್ತಿತ್ತು. ಮತ್ತೆ ಅವರದೊಂದು ಪ್ರಶ್ನೆ ಇತ್ತು: "ಎಲ್ಲಿಂದ ಬಂತು?" ಮೀನಿನ ಸಾರು ರುಚಿಯಾಗಿದ್ದರೆ, ಮೀನು ಎಲ್ಲಿಂದ ಬಂತು? ಯಾರೋ ಹೀಗೆಂದರು ಎಂದರೆ, ಮಾತು ಎಲ್ಲಿಂದ ಬಂತು? ಕಪ್ಪೆಯ ಕಾಲು ಹಾರಿತು ಎಂದ ವಿದ್ಯಾರ್ಥಿಯನ್ನೂ ಬಿಡುತ್ತಿರಲಿಲ್ಲವಂತೆ. ಆ ಹುಡುಗರು ಬೆನ್ನ ಹಿಂದೆ ಅವರನ್ನು ಅಣಕಿಸುವುದೂ ಇದೇ ಮಾತಿನಿಂದ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಹೈಸ್ಕೂಲು ಮುಗಿಸಿದ್ದೆ. ನನ್ನ ಸೋದರಮಾವ ಎಲ್ಲೆಲ್ಲೋ ವಿಚಾರಿಸಿ ನನ್ನನ್ನು ಒಬ್ಬ ದೊಡ್ಡ ಸರ್ಜನರಲ್ಲಿಗೆ ಕರೆದುಕೊಂಡು ಹೋದರು. ಸರ್ಜನರು ಕಾಲನ್ನು ಒತ್ತಿ, ಜಗ್ಗಿ, ತಿರುಗಿಸಿ ನೋಡಿ, ಪಾದದ ಗಂಟಿನ ಎಲುಬುಗಳನ್ನು ಕೂಡಿಸಿ ಗಟ್ಟಿ ಮಾಡುತ್ತೇನೆ ಎಂದರು. ಪಾದ ಮತ್ತೆ ಹಾಗೆ ನೆಗೆಯುವುದಿಲ್ಲ, ಕಾಲು ನೆಟ್ಟಗೆ ನಿಲ್ಲುತ್ತದೆ. ಮಾವನಿಗೆ ಸಮಾಧಾನವಾಯಿತು. "ಮತ್ತೆ ಗಂಟು ಮಡಚುತ್ತದಾ?" ಎಂದು ನಾನು ಕೇಳಿದೆ. ಇಲ್ಲ, ಜೀವಮಾನದಲ್ಲಿ ಮಡಚುವುದಿಲ್ಲ ಎಂದರು ಸರ್ಜನರು, ಬಹಳ ಮೆಲ್ಲಗೆ.

ಮಡಚದ ಗಂಟೆಂದರೆ ಏನೆಂದು ಗಂಡಸರಿಗೆ ಅಷ್ಟು ಬೇಗ ಹೊಳೆಯುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂರುವ ಹಾಗಿಲ್ಲ; ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಕಕ್ಕಸಿನಲ್ಲಿ, ಎಲ್ಲಿಯೂ. ಊರೋ ಗುಡ್ಡದ ಊರು. ಕಾಲಿಟ್ಟಲ್ಲೆಲ್ಲ ಏರು, ಇಲ್ಲವೇ ಇಳಿತ. ಮರದ ಪಾದ ಕಟ್ಟಿಕೊಂಡು ಓಡಾಡಿದ ಹಾಗೆ ನನ್ನ ಆಯುಷ್ಯ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ಆಪರೇಷನ್ನಿಗೆ ದಿನ ಗೊತ್ತು ಮಾಡಿ ಬಂದರು. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ಅಮ್ಮ ಈ ಸುದ್ದಿ ಹೇಳಿದಾಗ ಡಾಕ್ಟರು ಅಂಗಳದಲ್ಲೇ ಇದ್ದರು. ಹಿಮ್ಮಡಿಗಳು ಏಳತೊಡಗಿದವು. "ಮೀನಖಂಡ ಪೂರ್ತಿ ಸತ್ತಿದೆ ಅಂತ ಹೇಳಿದ್ದು ಯಾರು? ಕೈಯಲ್ಲಿ ಒತ್ತಿ ನೋಡಿ ಹೇಳಿದ್ದಾ? ಒಳಗೆ ನಾಲ್ಕು ಎಳೆ ಬದುಕಿದ್ದರೆ ಕೈಗೆ ಎಲ್ಲಿ ಸಿಗ್ತದೆ ಮಾರಾಯ್ತಿ? ಕೇಳ್ಬೇಕು, ಕೇಳಿ ನೋಡ್ಬೇಕು."

ಸ್ನಾಯು ಬಿಗಿಯುವಾಗ ಅದರ ಎಳೆಎಳೆಯಲ್ಲೂ ಸಣ್ಣ ಕರೆಂಟು ಹರಿಯುತ್ತದೆ, ಅದನ್ನು ಹಿಡಿದು ದೊಡ್ಡದು ಮಾಡಿದರೆ ಕಿವಿಗೇ ಕೇಳುತ್ತದೆ ಎಂದು ಅವರು ಹೇಳಿದ್ದನ್ನು ನಾನು ಅರ್ಧ ನಂಬಿದೆ. ಅವರು ಹಂಪನಕಟ್ಟೆಯ ರೇಡಿಯೋ ರಿಪೇರಿಯವನ ಅಂಗಡಿಯಲ್ಲೇ ಠಿಕಾಣಿ ಹೂಡಿದರು. ವಾಲ್ವು, ಬ್ಯಾಟರಿ, ಹಳೆಯ ಲೌಡ್‌ಸ್ಪೀಕರು ಸೇರಿ ಒಂದು ಪೆಟ್ಟಿಗೆಯಾಯಿತು. ಕಾಲಿಗೆ ಅಂಟಿಸಲು ಬೆಳ್ಳಿಯ ಬಿಲ್ಲೆ ಬೇಕೆಂದಾಗ ನಾನು ನನ್ನ ಬಲಗಾಲಿನ ಗೆಜ್ಜೆ ಕೊಟ್ಟೆ. ಸಪೂರ ಕಾಲಿನಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಅಕ್ಕಸಾಲಿಗ ಅದನ್ನು ಕರಗಿಸಿ ಬಿಲ್ಲೆ ಮಾಡಿಕೊಟ್ಟ.

ಅವರ ಮನೆಯ ಚಾವಡಿಯಲ್ಲಿ ಬೆಂಚಿನ ಮೇಲೆ ನನ್ನನ್ನು ಬೋರಲು ಮಲಗಿಸಿ, ಒಂದು ಬಿಲ್ಲೆಯನ್ನು ಮೊಣಕಾಲಿನ ಹಿಂದುಗಡೆ, ಇನ್ನೊಂದನ್ನು ಹಿಮ್ಮಡಿಯ ಹತ್ತಿರ ಅಂಟಿಸಿದರು. ಪೆಟ್ಟಿಗೆ ಗುಂಯ್ ಎಂದಿತು. "ಈಗ ಪಾದವನ್ನು ಕೆಳಗೆ ಒತ್ತು." ಒತ್ತಲು ಹೆಣಗಿದೆ. ಪಾದ ಕದಲಿತೋ ಇಲ್ಲವೋ, ಲೌಡ್‌ಸ್ಪೀಕರಿನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಚಟ ಎಂದಿತು. ಅಮ್ಮ ಬಾಗಿಲಲ್ಲಿ ನಿಂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬದುಕಿದೆ!" ಎಂದು ಡಾಕ್ಟರು ಕೂಗಿದ ಕೂಗಿಗೆ ಬಾಯಮ್ಮ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದರು. ಮೀನಖಂಡ ಜೀವಂತ, ಚೆನ್ನಾಗಿ ವ್ಯಾಯಾಮ ಮಾಡಿಸಿದರೆ ಬಲ ಬರಬಹುದು ಎಂದು ಅವರೇ ಹೋಗಿ ಸರ್ಜನರಿಗೆ ಹೇಳಿ ಆಪರೇಷನ್ ಮುಂದಕ್ಕೆ ಹಾಕಿಸಿದರು. ಅಮ್ಮ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿ, ಪ್ರಸಾದವನ್ನು ಬಾಯಮ್ಮನಿಗೂ ಕೊಟ್ಟಳು. ನಾನು ಪಾಗಾರ ಹಿಡಿದು ನಿಂತು ಹಿಮ್ಮಡಿ ಎತ್ತುವ ಅಭ್ಯಾಸ ಶುರು ಮಾಡಿದೆ. ಅದು ಏಳಲಿಲ್ಲ. ಏಳುತ್ತದೆ ಎಂಬ ಧೈರ್ಯ ಮಾತ್ರ ಇತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೊಮ್ಮೆ ಪೆಟ್ಟಿಗೆ ಹೊರಗೆ ಬಂತು. ಬಿಲ್ಲೆ ಅಂಟಿಸಿ ಅವರು ವಾಲ್ವಿನ ಜೊತೆ ಗುದ್ದಾಡುತ್ತಿದ್ದರು. ಮಲಗಿ ಮಲಗಿ ಬೇಸರವಾಗಿ ನಾನು ಸುಮ್ಮನೆ ಪಾದವನ್ನು ಹೊರಮಗ್ಗುಲಿಗೆ ತಿರುಗಿಸಿದೆ. ಲೌಡ್‌ಸ್ಪೀಕರು ಅಬ್ಬರಿಸಿತು. ಹಿಂದೆಂದೂ ಕೇಳದಷ್ಟು ಜೋರು.

"ಎಂತ ಮಾಡಿದೆ ಈಗ?"

"ಎಂತ ಇಲ್ಲ. ಪಾದ ಹೊರಗೆ ತಿರುಗಿಸಿದೆ."

"ಇನ್ನೊಮ್ಮೆ."

ತಿರುಗಿಸಿದೆ. ಅಬ್ಬರಿಸಿತು. "ಇನ್ನೊಮ್ಮೆ" ಎಂದರು. ಅವರ ದನಿ ಇಳಿದಿತ್ತು. ಮುಖ ಹೊರಳಿಸಿ ನೋಡಿದರೆ ಅವರ ಎರಡೂ ಹಿಮ್ಮಡಿಗಳು ನೆಲಕ್ಕೆ ಅಂಟಿಕೊಂಡಿದ್ದವು. ಪೆಟ್ಟಿಗೆಯನ್ನು ಗುಂಯ್‌ಗುಡಲು ಬಿಟ್ಟು, ಕೊಡೆಯನ್ನೂ ತೆಗೆದುಕೊಳ್ಳದೆ ಮಳೆಗೆ ಇಳಿದು ಹೋದರು. ಬಾಯಮ್ಮನೇ ಬಂದು ನನ್ನ ಕಾಲಿನ ಬಿಲ್ಲೆ ಬಿಡಿಸಿದರು.

ಆಮೇಲೆ ಕೆಲವು ದಿನ ಅವರು ಪಾಗಾರದ ಕಡೆಗೆ ಸುಳಿಯಲಿಲ್ಲ. ಭಾನುವಾರ ಪೂಜೆ ಮುಗಿಸಿ, ಇಗರ್ಜಿಗೆ ಹಾಕುವ ಕರಿ ಕೋಟಿನಲ್ಲೇ ಬಂದು ಜಗಲಿಯ ಕೆಳಗೆ ನಿಂತರು. ಅಮ್ಮ ಕೂರಿ ಎಂದರೂ ಕೂರದೆ ಅವಳಿಗೆ ಹೇಳಿದರು.

"ಅಕ್ಕ, ನಾನು ಹೇಳಿದ್ದು ತಪ್ಪು. ಅವಳ ಮೀನಖಂಡದಲ್ಲಿ ಜೀವ ಇಲ್ಲ."

"ಮತ್ತೆ ಆ ಶಬ್ದ?"

"ಅದು ಪಕ್ಕದ ಸ್ನಾಯುವಿದ್ದು. ನಿಮ್ಮ ಮನೆಯ ರೇಡಿಯೋ ನಮ್ಮ ಚಾವಡಿಗೆ ಕೇಳ್ತದಲ್ಲ, ಹಾಗೆ. ಬಿಲ್ಲೆಗಳನ್ನು ಅಷ್ಟು ದೂರ ದೂರ ಇಟ್ಟರೆ ಸುತ್ತಲಿನ ಎಲ್ಲರ ಬೊಬ್ಬೆಯೂ ಬಂದು ಬೀಳ್ತದೆ. ನಾನು ಇಷ್ಟು ವರ್ಷ ಕೇಳಿದ್ದು ಕಪ್ಪೆಯ ಸ್ನಾಯು. ಬಿಡಿಸಿ ಹಲಗೆಯ ಮೇಲೆ ಇಟ್ಟದ್ದು. ಅದಕ್ಕೆ ಅಕ್ಕಪಕ್ಕ ಯಾರೂ ಇರುವುದಿಲ್ಲ. ಶಬ್ದ ಬಂದರೆ ಅದರದ್ದೇ. ಮನುಷ್ಯರ ಕಾಲಿನಲ್ಲಿ ನೆರೆಕರೆ ಇರ್ತದೆ ಅಂತ ನಾನು ಯೋಚನೆ ಮಾಡ್ಲೇ ಇಲ್ಲ."

ಎಲ್ಲಿಂದ ಬಂತು ಎಂದು ಊರನ್ನೆಲ್ಲ ಕೇಳಿದ ಮನುಷ್ಯ ಆ ಒಂದು ದಿನ ಅದನ್ನು ತನ್ನನ್ನು ಕೇಳಿಕೊಂಡಿರಲಿಲ್ಲ. ಅಮ್ಮ, "ನಿಮಗೆ ಕಪ್ಪೆಯೇ ಸಾಕು ಡಾಕ್ಟ್ರೇ. ನನ್ನ ಮಗಳ ಕಾಲು ಬಿಟ್ಟುಬಿಡಿ" ಎಂದಳು. ಅಮ್ಮ ಅಷ್ಟು ಕಠಿಣವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು.

ನನಗೂ ಅಳು, ಸಿಟ್ಟು ಒಟ್ಟಿಗೆ ಬಂದಿತ್ತು. ಅವರು ಹಿಂತಿರುಗಿ ಹೋಗುವಾಗ ಪಾಗಾರದವರೆಗೆ ಕುಂಟುತ್ತ ಹೋಗಿ, "ನನ್ನ ಗೆಜ್ಜೆ ವಾಪಸು ಕೊಡಿ" ಎಂದೆ. ಕರಗಿದ ಗೆಜ್ಜೆ ಎಲ್ಲಿಂದ ಕೊಡುತ್ತಾರೆ!

ಅವರು ತಿರುಗಿ ನಿಂತರು. "ಮಾಡಿಸಿ ಕೊಡ್ತೇನೆ. ಆದರೆ ಒಂದು ಮಾತು ಉಳಿದಿದೆ, ಕೇಳು. ಶಬ್ದ ಮೀನಖಂಡದ್ದಲ್ಲ, ಸರಿ. ಆದರೆ ಬಂತಲ್ಲ! ಅಷ್ಟು ಜೋರು ಬಂತಲ್ಲ! ಹಾಗಾದರೆ ಎಲ್ಲಿಂದ ಬಂತು?" ಅಷ್ಟು ಹೇಳುವಾಗ ಹಿಮ್ಮಡಿ ಸಣ್ಣಕ್ಕೆ ಎದ್ದಿತು.

ಸರ್ಜನರಲ್ಲಿ ಮಾವ ಮತ್ತೆ ದಿನ ಕೇಳಿ ಬಂದರು, ಮಳೆ ನಿಂತ ಮೇಲೆ ಎಂದಾಯಿತು. ನನಗೆ ದಿನಗಳು ಉರುಳಿದರೂ ಕಷ್ಟ, ಉರುಳದಿದ್ದರೂ ಕಷ್ಟ. ಕುಕ್ಕರುಗಾಲಿನಲ್ಲಿ ಕೂತು ಏಳುವುದು, ಮತ್ತೆ ಕೂರುವುದು. ಇದೇ ನನ್ನ ಕೆಲಸವಾಯಿತು. ಇನ್ನು ಸಿಗದ್ದನ್ನು ಈಗಲೇ ಆದಷ್ಟು ಮಾಡಿಬಿಡುವ ಎಂಬ ಹುಚ್ಚು. ಪಾಗಾರದ ಆಚೆ ಡಾಕ್ಟರು ಶತಪಥ ಹಾಕುವುದು ಕಾಣುತ್ತಿತ್ತು. ಸಂಜೆ ಕಾಲೇಜಿನಲ್ಲಿ ಹೆಣ ಕೊಯ್ಯುವ ಕೋಣೆಗೆ ಹೋಗಿ ಕಾಲಿನ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ಎಳೆಗಳ ದಿಕ್ಕು ನೋಡಿ ಬರುತ್ತಿದ್ದರಂತೆ. ಹೆಣ ಕೆಡದ ಹಾಗೆ ಹಾಕುವ ಮದ್ದಿನ ಘಾಟಿಗೆ ಬಾಯಮ್ಮ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಸದೆ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಇಡೀ ಸಾಬೂನು ಮುಗಿಸಿದರೂ ವಾಸನೆ ನಮ್ಮ ಜಗಲಿಯವರೆಗೆ ಬರುತ್ತಿತ್ತು.

ಕೊನೆಗೆ ಬಾಯಮ್ಮನೇ ಅಮ್ಮನ ಬಳಿ ಬಂದರು. "ನೋಡಿ, ಅವನ ಊಟ ನಿದ್ರೆ ಎರಡೂ ಹೋಗಿದೆ. ಒಮ್ಮೆ ಕೇಳ್ಲಿಕ್ಕೆ ಬಿಡಿ. ಇಲ್ಲ ಅಂತಾದರೆ ಇಲ್ಲ ಅಂತಲೇ ಹೇಳಿಯಾನು."

ಅಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. "ತಪ್ಪಿದ್ದನ್ನು ಬಂದು ಮುಖಕ್ಕೆ ಹೇಳಿದ ಜನ ಅಲ್ವಾ ಅವರು" ಎಂದಳು, ತನಗೇ ಹೇಳಿಕೊಂಡ ಹಾಗೆ. "ಆಯ್ತು, ಕೇಳಲಿ."

ಈ ಸಲ ಬಿಲ್ಲೆಗಳು ಸಣ್ಣ ಸಣ್ಣವು, ಅವರೇ ಅರದಿಂದ ತಿಕ್ಕಿ ಚಿಕ್ಕದು ಮಾಡಿದ್ದು. ನನ್ನ ಕಾಲಿನ ಮೇಲೆ ನೇರಳೆ ಪೆನ್ಸಿಲಿನಿಂದ ಓರೆ ಓರೆ ಗೆರೆ ಎಳೆದು, ಪ್ರತಿ ಸ್ನಾಯುವಿನ ಎಳೆ ಯಾವ ದಿಕ್ಕಿಗೆ ಓಡುತ್ತದೋ ಅದೇ ದಿಕ್ಕಿಗೆ ಎರಡು ಬಿಲ್ಲೆಗಳನ್ನು ಹತ್ತಿರ ಹತ್ತಿರ ಅಂಟಿಸಿದರು. ಮೊದಲು ಮೀನಖಂಡ. "ಒತ್ತು" ಎಂದರು. ಹಲ್ಲು ಕಚ್ಚಿ ಒತ್ತಿದೆ. ಪೆಟ್ಟಿಗೆಯ ಉಸಿರಿನಂಥ ಸದ್ದು ಬಿಟ್ಟರೆ ಏನೂ ಇಲ್ಲ. ಜಾಗ ಬದಲಿಸಿದರು, ಇಲ್ಲ. ಇನ್ನೊಂದು ಜಾಗ, ಇಲ್ಲ. ನನ್ನದೇ ಮೈಯ ಒಂದು ತುಂಡು ಮೌನವಾಗಿರುವುದನ್ನು ಕಿವಿಯಿಂದ ಕೇಳುವುದು ಬಹಳ ಸಂಕಟದ ಕೆಲಸ. ನಾನು ಬೆಂಚಿಗೆ ಮುಖ ಒತ್ತಿ ಅತ್ತೆ. ಅವರು ತಡೆಯಲಿಲ್ಲ, ಸುಮ್ಮನೆ ಬಿಲ್ಲೆಗಳನ್ನು ಕಾಲಿನ ಹೊರಮಗ್ಗುಲಿಗೆ ದಾಟಿಸಿದರು. ಅಲ್ಲಿ ಸಾಸಿವೆ ಸಿಡಿಯಿತು, ಬಾಣಲೆ ತುಂಬ.

"ಇವನೇ" ಎಂದರು ಡಾಕ್ಟರು. "ಇವನೇ ನೆರೆಯವನು. ಪೂರಾ ಗಟ್ಟಿ ಇದ್ದಾನೆ."

ಪಾದವನ್ನು ಹೊರಗೆ ತಿರುಗಿಸುವ ಆ ಸ್ನಾಯುವಿನ ತುದಿಯ ಹುರಿಯನ್ನು ಬಿಡಿಸಿ ಹಿಮ್ಮಡಿಯ ಎಲುಬಿಗೆ ಹೊಲಿದರೆ ಅದು ಮೀನಖಂಡದ ಕೆಲಸ ಮಾಡಬಹುದಲ್ಲ ಎಂಬುದು ಅವರ ತರ್ಕ. ಅದನ್ನು ಹೇಳಲು ಸರ್ಜನರಲ್ಲಿಗೆ ಹೋದೆವು. ಇಂಥ ಆಪರೇಷನ್ ಸರ್ಜನರಿಗೆ ಹೊಸದಲ್ಲ. ಆದರೆ ಅವರು ಆ ಸ್ನಾಯುವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಮೀನಖಂಡ ಎಲ್ಲಿ, ಈ ಸಪೂರದ್ದು ಎಲ್ಲಿ? ಇದು ಇಡೀ ಮೈಯನ್ನು ಎತ್ತುವುದುಂಟಾ?" ಎಂದರು. ನಾನೂ ಅಮ್ಮನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆವು.

"ಎತ್ತುವುದಿಲ್ಲ. ಎತ್ತುತ್ತದೆ ಅಂತ ನಾನು ಹೇಳ್ಲಿಕ್ಕೆ ಬಂದದ್ದೇ ಅಲ್ಲ. ನಡೆಯುವಾಗ ನೆಲವನ್ನು ತಳ್ಳಿದರೆ ಸಾಕು" ಎಂದರು ನಮ್ಮ ಡಾಕ್ಟರು. ಜೊತೆಗೆ ತಂದಿದ್ದ, ಎರಡೂ ಕಡೆ ಗರಿಗಳಿದ್ದ ತೆಂಗಿನ ಮಡಲಿನ ತುಂಡೊಂದನ್ನು ಸರ್ಜನರ ಮೇಜಿನ ಮೇಲಿಟ್ಟರು. ಬರುವಾಗ ಬಸ್ಸಿನಲ್ಲಿ ಅದನ್ನು ನೋಡಿ ಜನ ನಕ್ಕಿದ್ದರು. "ಆ ಸ್ನಾಯುವಿನ ಎಳೆಗಳು ಈ ಮಡಲಿನ ಹಾಗೆ ಉಂಟು, ದಂಟಿನ ಎರಡೂ ಕಡೆಗೆ ಓರೆಯಾಗಿ. ಉದ್ದಕ್ಕೆ ಮಲಗಿದ್ದರೆ ನಾಲ್ಕೇ ಹಿಡಿಯುವ ಜಾಗದಲ್ಲಿ ಓರೆ ಇಟ್ಟರೆ ಎಷ್ಟು ಹಿಡಿಯುತ್ತದೆ ನೋಡಿ. ಹೊರಗಿನಿಂದ ಸಪೂರ ಕಾಣ್ತದೆ, ಆದರೆ ಎಳೆಯುವವರು ತುಂಬ ಜನ. ಆ ಎಲ್ಲರೂ ಬದುಕಿದ್ದಾರೆ, ನಾನು ಕೇಳಿದ್ದೇನೆ. ಬೊಬ್ಬೆ ಜೋರು ಇದ್ದ ಮಾತ್ರಕ್ಕೆ ಬಲ ಜೋರು ಅಂತ ಹೇಳುದಿಲ್ಲ, ಆ ತಪ್ಪು ಒಮ್ಮೆ ಮಾಡಿ ಆಯ್ತು. ಎಳೆ ಹೇಗೆ ಕೂತಿದೆ, ಎಷ್ಟು ಇದೆ ಅಂತ ನೋಡಿಯೇ ಹೇಳುದು. ಸಾಲದಿದ್ದರೆ ಗಂಟು ಕೂಡಿಸುವುದು ಇದ್ದೇ ಉಂಟು. ಕೂಡಿಸಿದ ಮೇಲೆ ಬಿಡಿಸ್ಲಿಕ್ಕೆ ಆಗ್ತದಾ?"

ಸರ್ಜನರು ಮಡಲನ್ನು ತಿರುಗಿಸಿ ನೋಡಿದರು. "ಆಯ್ತು, ನೋಡುವ" ಎಂದರು ಕೊನೆಗೆ. ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತಿ ಗುರುತು ಬಿದ್ದಿತ್ತು.

ಆಪರೇಷನ್ ಆಯಿತು, ಪ್ಲಾಸ್ಟರಿನ ಕಾಲ ಮುಗಿಯಿತು. ಕಷ್ಟ ಶುರುವಾದದ್ದು ಆಮೇಲೆ. ಜಾಗ ಬದಲಾದ ಸ್ನಾಯುವಿಗೆ ತನ್ನ ಹೊಸ ಕೆಲಸವೇ ಗೊತ್ತಿಲ್ಲ. ಹಿಮ್ಮಡಿ ಎತ್ತು ಎಂದು ಮನಸ್ಸಿನಲ್ಲೇ ಎಷ್ಟು ಕೂಗಿದರೂ ಅದು ಕಿವುಡ. "ಅವನಿಗೆ ಹಳೆಯ ಕೆಲಸ ಹೇಳಿ ಮೋಸದಿಂದ ಕರೆ. ಪಾದ ಹೊರಗೆ ತಿರುಗಿಸ್ತೇನೆ ಅಂತ ಎಣಿಸು" ಎಂದರು ಡಾಕ್ಟರು. ಎಣಿಸಿದೆ. ಪೆಟ್ಟಿಗೆ ಚಟಚಟ ಎಂದಿತು, ಹಿಮ್ಮಡಿ ಮೆಲ್ಲಗೆ ಮೇಲಕ್ಕೆ ಸರಿಯಿತು. ನಾನು ಕಿರುಚಿಬಿಟ್ಟೆ.

ದಿನಾ ಸಂಜೆ ಕಾಲೇಜಿನಿಂದ ಬಂದವರೇ ಪೆಟ್ಟಿಗೆ ಹೊತ್ತು ತರುತ್ತಿದ್ದರು. ದಾರಿಯಲ್ಲಿ ಹೋಗುವವರು ಈ ಮನೆಯ ರೇಡಿಯೋ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ನಾನು ಶಬ್ದ ಜೋರು ಮಾಡಿ ಬೀಗಿದರೆ ಅವರಿಗೆ ಸಿಟ್ಟು. "ಬೊಬ್ಬೆ ಸಾಕು, ಎಳೆತ ಎಲ್ಲಿ? ಸ್ನಾಯು ಗಿಡ್ಡ ಆದ ಮೇಲೆ ಎಳೆಗಳು ಇನ್ನೂ ಓರೆ ಆಗ್ತವೆ, ಆಗ ಎಷ್ಟು ಕೂಗಿದರೂ ಎಳೆಯಲಿಕ್ಕಾಗುದಿಲ್ಲ. ಮೊದಲು ಪಾದ ಮೇಲೆ ತಾ, ಎಳೆಗಳು ಉದ್ದ ಆಗಲಿ. ಅಲ್ಲಿಂದ ಒತ್ತು. ಸಣ್ಣ ಶಬ್ದದಲ್ಲಿ ದೊಡ್ಡ ಕೆಲಸ ಆಗ್ಬೇಕು." ಮುದುಕಿಯಾದ ಮೇಲೂ ಮೆಟ್ಟಿಲು ಹತ್ತುವಾಗ ನಾನು ಹಾಗೇ ಮಾಡುವುದು.

ಒಂದು ದಿನ ನಮ್ಮ ಮನೆಯ ಏರನ್ನು ಕೈಯಲ್ಲಿ ಏನೂ ಹಿಡಿಯದೆ ಹತ್ತಿದೆ. ಕುಂಟು ಹೋಗಲಿಲ್ಲ, ಈಗಲೂ ಉಂಟು. ಆದರೆ ಗಂಟು ಮಡಚಿತು, ಕಾಲು ನೆಲವನ್ನು ಹಿಂದಕ್ಕೆ ತಳ್ಳಿತು. ಮೇಲೆ ನಿಂತು ತಿರುಗಿ ನೋಡಿದರೆ ಕೆಳಗೆ ಡಾಕ್ಟರು ಮುಂಗಾಲಿನ ಮೇಲೆ ಕುಣಿಯುತ್ತಿದ್ದರು. ಹೊಗಳುತ್ತಾರೆಂದು ಕಾದೆ. "ಎರಡು ಕಾಲಿನಲ್ಲಿ ಹಿಮ್ಮಡಿ ಎತ್ತಿ ನಿಂತಾಗ ಬಲಗಾಲು ಇನ್ನೂ ಕೆಲಸ ಮಾಡದೆ ಕಳ್ಳಬೀಳ್ತದೆ. ಎಡಗಾಲು ಅದನ್ನು ಸುಮ್ಮನೆ ಹೊತ್ತುಕೊಂಡು ಹೋಗುದು" ಎಂದು ಕೂಗಿದರು. "ಅದೂ ಒಂದು ದಿನ ಕಲಿತೀತು." ಹೊಸ ಗೆಜ್ಜೆ ಮಾತ್ರ ಅಂದೇ ತಂದಿದ್ದರು.

ನಾನು ಟೀಚರ್ ಟ್ರೇನಿಂಗ್ ಮುಗಿಸಿ ಶಾಲೆಗೆ ಸೇರಿದೆ. ಡಾಕ್ಟರ ಗಡಿಬಿಡಿ ಕೈಯ ಸ್ನಾಯುಗಳ ಕಡೆಗೆ ದಾಟಿತು, ಪೆಟ್ಟಿಗೆಗೆ ಹೊಸ ವಾಲ್ವು ಬಂತು. ಅರವತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಸಂಜೆ, ಹಂಪನಕಟ್ಟೆಯಲ್ಲಿ ಬಸ್ಸು ಹೊರಡಲಿಲ್ಲವೆಂದು ಇಳಿದು ನಡೆದು ಬರುತ್ತಿದ್ದವರು ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯುವಾಗಲೇ ಜೀವ ಹೋಗಿತ್ತು. ಎಷ್ಟು ಸಲ ಹೇಳಿದ್ದೆವು, ಸ್ವಲ್ಪ ಕೂತುಕೊಳ್ಳಿ ಡಾಕ್ಟ್ರೇ ಎಂದು.

ಮರುದಿನ ಅವರ ಚಾವಡಿಯಲ್ಲಿ, ನನ್ನ ಬೆಂಚು ಇದ್ದ ಜಾಗದಲ್ಲೇ, ಶವದ ಪೆಟ್ಟಿಗೆಯಲ್ಲಿ ಅವರನ್ನು ಮಲಗಿಸಿದ್ದರು. ಬಾಯಮ್ಮ ತಲೆಯ ಹತ್ತಿರ ಕೂತು ಜಪ ಮಾಡುತ್ತಿದ್ದರು. ತಮ್ಮನ ಕೈಯಲ್ಲಿ ಕಲಿತ ಡಾಕ್ಟರುಗಳು ಬಂದು ಗೋಡೆಯಂತೆ ಸುತ್ತ ನಿಂತುಬಿಟ್ಟಿದ್ದರು. ಎಲ್ಲರೂ ಎತ್ತರದ ಗಂಡಸರು. ನಾನೂ ಅಮ್ಮನೂ ಹಿಂದೆ. ನನಗೆ ಒಮ್ಮೆ ನೋಡಲೇಬೇಕಿತ್ತು. ಕತ್ತು ಉದ್ದ ಮಾಡಿದೆ, ಎರಡು ಹೆಗಲುಗಳ ನಡುವಿನಿಂದ ಅವರು ಕಂಡರು. ಕರಿ ಕೋಟು, ಮಡಚಿದ ಕೈ, ಹೊಳೆಯುವ ಬೂಟು. ಹಿಮ್ಮಡಿಗಳು ಸುಮ್ಮನೆ ಮಲಗಿದ್ದವು. ನನಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

"ಕಾಣ್ತದಾ ನಿನಗೆ?" ಎಂದು ಅಮ್ಮ ಪಿಸುಗುಟ್ಟಿದಳು.

"ಕಾಣ್ತದೆ."

ತಿರುಗಿದರೆ ಅಮ್ಮ ಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ. ಕಣ್ಣು ನೆಲದ ಮೇಲಿತ್ತು, ನನ್ನ ಬಲಗಾಲಿನ ಹತ್ತಿರ. ನಾನೂ ಕೆಳಗೆ ನೋಡಿದೆ. ಎರಡೂ ಹಿಮ್ಮಡಿಗಳು ನೆಲ ಬಿಟ್ಟು ಎದ್ದಿದ್ದವು. ನಾನು ಎತ್ತಬೇಕೆಂದು ಎಣಿಸಿದ್ದಿಲ್ಲ, ಪಾದ ಹೊರಗೆ ತಿರುಗಿಸುತ್ತೇನೆಂದು ಯಾರನ್ನೂ ಮೋಸದಿಂದ ಕರೆದದ್ದಿಲ್ಲ. ಬಲಗಾಲಿನ ಹೊರಮಗ್ಗುಲಿಗೆ ಕೈ ಹಾಕಿ ಮುಟ್ಟಿದೆ. ಅಲ್ಲಿ ಆ ನೆರೆಯವನು ಬಿಗಿದು ಕಲ್ಲಾಗಿದ್ದ, ಕಳ್ಳಬಿದ್ದಿರಲಿಲ್ಲ.

ಕಾಲು ನಡುಗತೊಡಗಿತು, ನೋಯತೊಡಗಿತು. ಪಾದ್ರಿಗಳು ಬಂದು ಪ್ರಾರ್ಥನೆ ಆರಂಭಿಸಿ, ಪೆಟ್ಟಿಗೆಯ ಮುಚ್ಚಳ ಹಾಕುವವರೆಗೂ ಅದನ್ನು ಕೆಳಗಿಳಿಸಲು ನನಗೆ ಮನಸ್ಸಾಗಲಿಲ್ಲ.